ನಾನು ಎಂಬ ಒಡವೆ

ನನಗೆ ಚಿಕ್ಕಂದಿನಿಂದಲೂ ಒಡವೆಯ ಹುಚ್ಚು. ಚಿನ್ನದ ಹುಚ್ಚಲ್ಲ, ಅದು ಅಮ್ಮನದು. ಯಾವ ಸರ ಕೈಗೆ ಸಿಕ್ಕರೂ ಅವಳು ಮೊದಲು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಮಾಡಿ ತೂಕ ನೋಡುತ್ತಿದ್ದಳು, ಆಮೇಲೆ ಕಣ್ಣಿನಿಂದ ನೋಡುತ್ತಿದ್ದಳು. ನನಗೆ ತೂಕದ ಗೊಡವೆ ಇರಲಿಲ್ಲ. ಕೊಂಡಿ ಹೇಗೆ ಕೂರುತ್ತದೆ, ತಿರುಪು ಎಷ್ಟು ಸುತ್ತು ತಿರುಗುತ್ತದೆ, ಹಾಕಿಕೊಂಡ ಕೂಡಲೇ ಮೈಗೆ ಎಷ್ಟು ತಣ್ಣಗೆ ತಾಗುತ್ತದೆ, ಇವೇ ನನ್ನ ವಿಚಾರಗಳು. ಹಿತ್ತಾಳೆಯಾದರೂ ಸರಿ, ಗಿಲೀಟಾದರೂ ಸರಿ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಜೋಡಿ ಕಳೆದುಕೊಂಡ ಜುಮಕಿ, ಯಾರದೋ ಕಾಲ್ಗೆಜ್ಜೆಯಿಂದ ಉದುರಿದ ಗುಂಡುಗಳು, ಕಲ್ಲು ಬಿದ್ದುಹೋದ ಮೂಗುತಿ, ಹಿತ್ತಾಳೆ ಉಂಗುರಗಳು ಇದ್ದವು. ಬೀದಿಯ ಕೊನೆಯ ಬಳೆ ಅಂಗಡಿಯ ಚಾಚಾ ಜೋಡಿ ತಪ್ಪಿದ ಬಳೆಗಳನ್ನು ನನಗೆಂದೇ ಎತ್ತಿಡುತ್ತಿದ್ದ. "ಒಂದು ಕೈಗೆ ಹಸರು, ಒಂದು ಕೈಗೆ ಕೆಂಪು ಹಾಕ್ಕಂಡ್ರ ಮಂದಿ ನಗ್ತಾರ ಬೇಟಿ," ಎನ್ನುತ್ತಿದ್ದ. ನಗಲಿ ಎಂದು ನಾನು ಎರಡೂ ಕೈ ಮುಂದೆ ಚಾಚುತ್ತಿದ್ದೆ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಮೈಮೇಲೆ ಹೇರಿಕೊಂಡು ಪಡಸಾಲೆಯಲ್ಲಿ ಓಡಾಡಿದರೆ ಅಪ್ಪ ಕಾಗದದಿಂದ ತಲೆ ಎತ್ತದೆ, "ಯಾರ ಮನಿ ಎತ್ತು ಒಳಗ ಬಂತು ನೋಡ್ರಿ," ಎನ್ನುತ್ತಿದ್ದರು.

ಬೇಸಿಗೆಯ ರಜೆಗೆ ಸಿರುಗುಪ್ಪಕ್ಕೆ ಹೋಗುತ್ತಿದ್ದೆವು. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಅಲ್ಲಿ ಗದ್ದೆ ಹೊಲ ನೋಡಿಕೊಂಡಿದ್ದರು. ದೊಡ್ಡವ್ವನಿಗೆ ಇಬ್ಬರೂ ಗಂಡುಮಕ್ಕಳು. ಸಿಂಗಾರ ಮಾಡಿಸಿಕೊಳ್ಳುವ ಮಕ್ಕಳಲ್ಲ. ಹಾಗಾಗಿ ನಾನು ಹೋದ ದಿನವೇ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು, ತನ್ನ ಬುಗುಡಿ, ಟೀಕಿ, ಬೋರಮಾಳ ಎಲ್ಲ ಬಿಚ್ಚಿ ನನಗೆ ಹಾಕಿಬಿಡುತ್ತಿದ್ದಳು. ಬೋಳು ಕೊರಳು, ಬೋಳು ಕಿವಿಯಲ್ಲಿ ತಾನು ಬಾಗಿಲ ಹತ್ತಿರ ಹೋಗಿ ನಿಂತು ನನ್ನನ್ನು ನೋಡುತ್ತಿದ್ದಳು. "ಅಳ್ಳಾಡಬ್ಯಾಡ. ಒಂದು ಗಳಿಗಿ ದೇವರಂಗ ನಿಂದ್ರು," ಎನ್ನುತ್ತಿದ್ದಳು. ನಿಲ್ಲುತ್ತಿದ್ದೆ. ಅಮ್ಮ ಹೇಳಿದರೆ ನಾನು ಯಾವತ್ತೂ ಹಾಗೆ ನಿಂತವಳಲ್ಲ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಅಜ್ಜನ ತಮ್ಮನ ಹೆಂಡತಿ. ಅಪ್ಪನಿಗೆ ಚಿಗವ್ವ, ನನಗೆ ಸಣ್ಣಜ್ಜಿ. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವಳ ತವರು ಆದೋನಿಯ ಆಚೆ, ತೆಲುಗಿನ ಸೀಮೆ. ನಲವತ್ತು ವರ್ಷ ಸಿರುಗುಪ್ಪದ ನೀರು ಕುಡಿದರೂ ಅವಳ ಕನ್ನಡದಲ್ಲಿ ಎರಡು ಮಾತಿಗೊಂದು ತೆಲುಗು ಬರುತ್ತಿತ್ತು. ನಮ್ಮ ಕಡೆ ತೆಲುಗು ಯಾರಿಗೆ ತಾನೇ ಬರುವುದಿಲ್ಲ? ಆದರೆ ಅವಳದು ಅಡುಗೆಮನೆಯ ತೆಲುಗು, ಬಜಾರಿನ ತೆಲುಗಲ್ಲ.

ನನಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವಳು ತನ್ನ ಪೆಟ್ಟಿಗೆಯಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಕತ್ತಿಗೆ ಅಂಟಿ ಕೂರುವಂಥ ಒಡವೆ ಅದು. ಸಣ್ಣ ಚಿನ್ನದ ತಂತಿಗಳನ್ನು ಒತ್ತೊತ್ತಾಗಿ ಹೆಣೆದು ಹುರಿ ಮಾಡಿದ್ದರು. ಹಿಂದೆ ಕಟ್ಟಿಕೊಳ್ಳಲು ಕೆಂಪು ರೇಷ್ಮೆಯ ದಾರ. ಗಂಡ ಹೋದ ಮೇಲೆ ಅವಳು ಅದನ್ನು ಹಾಕಿರಲಿಲ್ಲ. ನನ್ನ ಕೊರಳಿಗೆ ಕಟ್ಟಿ ನೋಡಿದಳು. ಸಡಿಲವಾಯಿತು, ಎದೆಯ ಮೇಲೆ ಜಾರಿತು. "ಎಂತ ಬಾಗುಂದಿ, ಎಷ್ಟು ಛಲೋ ಐತಿ," ಎಂದಳು. ಆಮೇಲೆ, "ಜರಾ ದೊಡ್ಡಾಕಿ ಆಗು. ಇದು ನಿಂದೇ," ಎಂದು ಮತ್ತೆ ಗಂಟು ಕಟ್ಟಿದಳು.

ಊರಿಗೆ ಬಂದು ಅಮ್ಮನಿಗೆ ಹೇಳಿದೆ. "ಅಡ್ಡಿಕಿ ಇರಬೇಕು ಬಿಡು. ಎಷ್ಟು ತೂಕ ಐತಿ?" ಎಂದಳು. ಹೀಗಾಗಿ ನನ್ನ ಮಟ್ಟಿಗೆ ಅದು ಅಡ್ಡಿಕೆ. ಬಿಸ್ಕತ್ತಿನ ಡಬ್ಬಿಯನ್ನು ತೆರೆದಾಗಲೆಲ್ಲ ಅದು ನೆನಪಾಗುತ್ತಿತ್ತು. ಇಷ್ಟೆಲ್ಲ ಇದ್ದೂ ಏನೂ ಇಲ್ಲ ಅನ್ನಿಸುತ್ತಿತ್ತು. ಆಸೆಬುರುಕಿ ಎಂದರೆ ಅನ್ನಿ.

ನನಗೆ ಹನ್ನೊಂದು ವರ್ಷವಾಗಿದ್ದಾಗ, ಯುದ್ಧ ಇನ್ನೂ ಮುಗಿದಿರಲಿಲ್ಲ, ಸಿರುಗುಪ್ಪದಿಂದ ಒಂದು ಕಾರ್ಡು ಬಂತು. ಸಣ್ಣಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಅಲ್ಲಿಯ ಸಾಲಿ ಮಾಸ್ತರರು ಬರೆದಿದ್ದರು. ಆ ಕಾರ್ಡಿನ ಮಾತು ನಮ್ಮ ಮನೆಯಲ್ಲಿ ಎಷ್ಟು ಸಲ ಓದಿಸಿಕೊಂಡಿತೆಂದರೆ ಇವತ್ತೂ ನನಗೆ ಬಾಯಿಪಾಠ. ಆಶೀರ್ವಾದ, ಕ್ಷೇಮ ಎಲ್ಲ ಆದ ಮೇಲೆ ಹೀಗಿತ್ತು: "ನಾನು ನಿಮ್ಮ ಮನೆಗೆ ಸೇರಬೇಕು. ಇಲ್ಲಿ ಇದ್ದರೆ ಉಳಿಯುವುದಿಲ್ಲ. ನಿನ್ನ ಅಣ್ಣನಿಗೆ ತಿಳಿಯಬಾರದು. ಬೇಗ ಯಾರನ್ನಾದರೂ ಕಳಿಸಬೇಕು."

ಅಪ್ಪ ಅದನ್ನು ಎರಡು ಸಲ ಓದಿ ಕೆಳಗಿಟ್ಟರು. ಅವರಿಗೆ ತಾಯಿ ಬೇಗ ಹೋಗಿದ್ದರು, ಈ ಚಿಗವ್ವನೇ ಕೈತುತ್ತು ಹಾಕಿದವಳು. ಅಂಥವಳು ಉಳಿಯುವುದಿಲ್ಲ ಎಂದು ಬರೆಸಬೇಕಾದರೆ ಅಲ್ಲಿ ಏನು ನಡೆದಿರಬೇಕು ಎಂದು ಅವರ ಯೋಚನೆ. ಅಣ್ಣನ ಮೇಲೆ ತಪ್ಪು ಹೊರಿಸಲು ಅವರಿಗೆ ಬಾಯಿ ಬರಲಿಲ್ಲ. ಅಮ್ಮ ಅದನ್ನು ಸುಲಭ ಮಾಡಿಕೊಟ್ಟಳು. "ನಿಮ್ಮಣ್ಣ ಹೊಲಕ್ಕ ಹೋಗೋ ಮನಿಷ್ಯಾ. ಅಡಿಗಿ ಮನಿ ಯಾರ ಕೈಯಾಗ ಐತಿ? ಯಾರು ನೀಡಬೇಕು, ಯಾರು ನೀಡಿಲ್ಲ?" ಎಂದಳು. ಅಲ್ಲಿಗೆ ದೊಡ್ಡವ್ವನ ತೀರ್ಪು ಆಯಿತು.

ಮರುದಿನ ಬೆಳಿಗ್ಗೆ ಅಪ್ಪ ಇದ್ದಿಲ ಬಸ್ಸು ಹತ್ತಿ ಹೋದರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ತೆಕ್ಕಲಕೋಟೆಯಲ್ಲಿ ನಿಂತು ಒಲೆ ಕೆದಕಿ ಮತ್ತೆ ಹೊರಡುತ್ತಿದ್ದವು. ಮೂರನೆಯ ದಿನ ಅಪ್ಪ ಸಣ್ಣಜ್ಜಿಯನ್ನು ಕರೆದುಕೊಂಡು ಬಂದರು. ಅವಳ ಪೆಟ್ಟಿಗೆ, ಒಂದು ಚಾಪೆ, ದೊಡ್ಡವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಅಮ್ಮ ಆ ಗಂಟನ್ನು ಬಿಚ್ಚಿ, ರೊಟ್ಟಿಗೆ ಹಚ್ಚಿದ ಬೆಣ್ಣೆ ನೋಡಿ, "ತೋರಿಕಿ," ಎಂದು ಪಕ್ಕಕ್ಕಿಟ್ಟಳು. ನಾನು ಎರಡು ತಿಂದೆ.

ಅಣ್ಣನಿಗೆ ತಿಳಿಯಬಾರದು ಎಂದಿದ್ದರೂ ಅಪ್ಪ ಅಲ್ಲಿ ಸಿಟ್ಟು ತಡೆಯಲಾರದೆ ಅಣ್ಣನ ಮುಂದೆಯೇ ಆ ಕಾರ್ಡನ್ನು ಓದಿದ್ದರಂತೆ. ನನ್ನ ಮನೆಯಲ್ಲಿ ಯಾರನ್ನು ಉಪವಾಸ ಕೆಡವಿದ್ದೇವೆ ಎಂದು ದೊಡ್ಡಪ್ಪ ಕೂಗಾಡಿದರಂತೆ. ದೊಡ್ಡವ್ವ ಒಂದು ಮಾತೂ ಆಡಲಿಲ್ಲವಂತೆ. ಅದೇ ಅವಳ ತಪ್ಪೊಪ್ಪಿಗೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ತಿಳಿದರು. ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ನನ್ನ ಸಿರುಗುಪ್ಪದ ರಜೆಗಳೂ ಮುಗಿದವು.

ಸಣ್ಣಜ್ಜಿ ನಮ್ಮಲ್ಲಿ ಚೆನ್ನಾಗಿ ಹೊಂದಿಕೊಂಡಳು. ಕೌಲ್ ಬಜಾರಿನಲ್ಲಿ ತೆಲುಗು ಮಾತಾಡುವ ಹೆಂಗಸರಿಗೇನು ಕೊರತೆ? ಕಟ್ಟೆಯ ಮೇಲೆ ಕೂತರೆ ಹಾದು ಹೋಗುವವರೆಲ್ಲ ಅವಳನ್ನು ಮಾತಾಡಿಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅವಳಿಗೆ ನನಗಿಂತ ಹೆಚ್ಚು ಗೆಳತಿಯರಾದರು. ನನ್ನ ಅಡ್ಡಿಕೆಯ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ, ಆದರೆ ಅವಳ ಪೆಟ್ಟಿಗೆಯ ಪಕ್ಕದಲ್ಲೇ ಹಾಸಿಗೆ ಹಾಕಿಕೊಳ್ಳುತ್ತಿದ್ದೆ.

ಅಮ್ಮ ಬಂದವರಿಗೆಲ್ಲ ಕಾರ್ಡಿನ ಕಥೆ ಹೇಳುತ್ತಿದ್ದಳು. ಕೇಳಿದವರು ಅದನ್ನು ತೆಕ್ಕಲಕೋಟೆಗೆ, ರಾರಾವಿಗೆ, ನೆಂಟರು ಇದ್ದಲ್ಲಿಗೆಲ್ಲ ಒಯ್ದರು. ಎರಡು ವರ್ಷದಲ್ಲಿ ದೊಡ್ಡವ್ವ ಎಂದರೆ ಮುದುಕಿಗೆ ಅನ್ನ ಹಾಕದವಳು ಎಂದಾಯಿತು. ನಾನೂ ಅದನ್ನು ನಂಬಿದ್ದೆ. ನನ್ನ ತಲೆಗೆ ಎಣ್ಣೆ ಹಚ್ಚುವಾಗಿನ ಅವಳ ಕೈ ನೆನಪಾದರೆ, ಮಕ್ಕಳ ಹತ್ತಿರ ಒಂದು, ಮುದುಕರ ಹತ್ತಿರ ಒಂದು ಇರಬಹುದು ಎಂದುಕೊಳ್ಳುತ್ತಿದ್ದೆ.

ನನಗೆ ಹದಿನಾಲ್ಕು ತುಂಬಿದ ವರ್ಷ ಅಮ್ಮನ ಬೆಂಡೋಲೆಯ ತಿರುಪು ಸವೆದಿತ್ತು. ಇಬ್ಬರೂ ಅಕ್ಕಸಾಲಿಯ ಅಂಗಡಿಗೆ ಹೋದೆವು. ನಮಗಿಂತ ಮೊದಲು ಒಬ್ಬ ತೆಲುಗು ಹೆಂಗಸು ಬಂದು ಕೂತಿದ್ದಳು. ಅಕ್ಕಸಾಲಿ ಒಳಗೆ ತಿರುಗಿ ತನ್ನ ತಮ್ಮನಿಗೆ, "ಅಮ್ಮಾರದು ನಾನು ರೆಡಿ ಐತೇನು ನೋಡು," ಎಂದ. ನನಗೆ ನಗು ಬಂತು. ನೀನು ರೆಡಿ ಇದ್ದೀಯೋ ಇಲ್ಲವೋ ನಿನಗೇ ಗೊತ್ತಿಲ್ಲವೇ ಅನ್ನಬೇಕೆನಿಸಿತು. ಅಷ್ಟರಲ್ಲಿ ತಮ್ಮ ಕೆಂಪು ಕಾಗದದಲ್ಲಿ ಸುತ್ತಿದ ಒಂದು ಒಡವೆ ತಂದು ಬಿಚ್ಚಿದ. ಹೆಣೆದ ತಂತಿಯ ಹುರಿ, ಕತ್ತಿಗೆ ಕೂರುವಂಥದು, ಹಿಂದೆ ಕಟ್ಟಿಕೊಳ್ಳಲು ದಾರ.

"ಇದರ ಹೆಸರೇನು?" ಎಂದು ಕೇಳಿದೆ.

"ನಾನು," ಎಂದ. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ, "ಇದಕ್ಕ ತೆಲುಗಿನ ಮಂದಿ ನಾನು ಅಂತಾರವ್ವ. ನೀವು ಕರೆಯೋ ಅಡ್ಡಿಕಿನ ಬ್ಯಾರೆ," ಎಂದ.

ಅಮ್ಮ ತಿರುಪಿನ ಮಾತಿನಲ್ಲಿ ಮುಳುಗಿದ್ದಳು. ನನಗೆ ಅಲ್ಲಿ ಕೂತಲ್ಲೇ ಆ ಕಾರ್ಡು ಕಣ್ಣ ಮುಂದೆ ಬಂತು. ನಾನು ನಿಮ್ಮ ಮನೆಗೆ ಸೇರಬೇಕು. ಇಲ್ಲಿ ಇದ್ದರೆ ಉಳಿಯುವುದಿಲ್ಲ. ಸೇರಬೇಕು, ಉಳಿಯುವುದಿಲ್ಲ ಎನ್ನುವ ಮಾತುಗಳಿಗೆ ಮನುಷ್ಯರೂ ಒಂದೇ, ಒಡವೆಯೂ ಒಂದೇ. ಸಣ್ಣಜ್ಜಿ ತನ್ನ ಒಡವೆಯ ಬಗ್ಗೆ ಹೇಳಿದ್ದಾಳೆ. ಮಾಸ್ತರರು ಗಂಡಸರು, ಅವರಿಗೆ ಒಡವೆಯ ಹೆಸರು ಯಾವ ಕರ್ಮಕ್ಕೆ ಗೊತ್ತಿರಬೇಕು? ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾರೆ. ಓದಿ ಹೇಳಿದಾಗ ಅವಳಿಗೂ ತಾನು ಹೇಳಿದ್ದೇ ಕೇಳಿಸಿದೆ. ಬಳ್ಳಾರಿಗೆ ಬರುವ ಹೊತ್ತಿಗೆ ಒಡವೆ ಮುದುಕಿಯಾಗಿತ್ತು.

ಮನೆಗೆ ಬಂದಾಗ ಸಣ್ಣಜ್ಜಿ ಹಿತ್ತಲ ಬಾಗಿಲಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅಮ್ಮ ನೀರಿಗೆ ಹೋದದ್ದನ್ನು ನೋಡಿಕೊಂಡು ಎದುರಿಗೆ ಕೂತೆ.

"ಸಣ್ಣಜ್ಜಿ, ಆ ಕಾಗದದಾಗ ನೀ ಬರಸಿದ್ದು ನಿನ್ನ ಸುದ್ದಿ ಅಲ್ಲ. ನಿನ್ನ ನಾನು ಸುದ್ದಿ," ಎಂದೆ.

ಅವಳ ಕೈ ನಿಂತಿತು. ಇಲ್ಲ ಅನ್ನಲಿಲ್ಲ. ನಿಧಾನವಾಗಿ ಹೇಳಿದಳು. ದೊಡ್ಡಪ್ಪನಿಗೆ ಅಂಗಿಗೆ ಚಿನ್ನದ ಗುಂಡಿ ಹಾಕಿಸಿಕೊಳ್ಳುವ ಶೋಕಿ ಹತ್ತಿತ್ತು. ಹೇಗಿದ್ದರೂ ಹಾಕಿಕೊಳ್ಳುವವರಿಲ್ಲ, ಕರಗಿಸಿ ಗುಂಡಿ, ಅದಕ್ಕೊಂದು ಸರಪಳಿ ಮಾಡಿಸುತ್ತೇನೆ ಎಂದು ಎರಡು ಸಲ ಕೇಳಿದ್ದರು. ಮೂರನೆಯ ಸಲ ಕೇಳುವುದಿಲ್ಲ, ತೆಗೆದುಕೊಂಡೇ ಹೋಗುತ್ತಾರೆ ಎಂದು ಅವಳಿಗೆ ಭಯ. ಅದಕ್ಕೇ ಬರೆಸಿದ್ದು.

"ನಿಮ್ಮಪ್ಪ ಬಂದು, ಚಿಗವ್ವ ನಡಿ, ನಿನ್ನ ಕರ್ಕಂಡು ಹೋಗಾಕ ಬಂದೀನಿ ಅಂದ," ಎಂದಳು. "ನನ್ನ ಕರ್ಕಂಡು ಹೋಗಾಕ ಯಾರು ಬಂದಿದ್ರಮ್ಮಾ ಅಲ್ಲಿ ತನಕ? ನನ್ನಲ್ಲ, ನಾನು ಒಯ್ಯಿ ಅಂತ ಹೆಂಗ ಅನ್ಲಿ? ಬಾಯಿ ರಾಲೇದು, ಬಾಯೇ ಬರ್ಲಿಲ್ಲ."

"ಮತ್ತ ದೊಡ್ಡವ್ವ? ಆಕಿ ಏನು ಮಾಡಿದ್ಲು ನಿನಗ?"

"ಏನೂ ಮಾಡ್ಲಿಲ್ಲ. ಬಂಗಾರದಂಥಾಕಿ."

"ಹಂಗಾರ ಅಪ್ಪಗ ಹೇಳು."

ಅವಳು ಹುಣಸೆಹಣ್ಣಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೇಳಿದ್ರ ನಾ ಇಲ್ಲಿರಾಕ ಯಾವ ಮುಖ ಐತಿ? ನಾಳೆ ಬಸ್ಸಿಗೆ ಕಳಿಸ್ತಾರ," ಎಂದಳು. ಅವಳ ಧ್ವನಿಯಲ್ಲಿ ಅಂಗಲಾಚುವುದು ಇರಲಿಲ್ಲ. ಹಣ್ಣಿನ ನಾರು ಬಿಡಿಸುತ್ತಾ ಸುಮ್ಮನೆ ಹೇಳಿದಳು.

ಮರುದಿನ ಮಧ್ಯಾಹ್ನ ಅವಳು ಪೆಟ್ಟಿಗೆಯಿಂದ ಗಂಟು ತೆಗೆದು ನನ್ನ ಮಡಿಲಲ್ಲಿಟ್ಟಳು. "ಇದು ಮೊದಲಿಂದಲೂ ನಿಂದೇ. ಈಗೇನು ಹೊಸದಾಗಿ ಕೊಡಾಕ ಹತ್ತಿಲ್ಲ," ಎಂದಳು. ಆರು ವರ್ಷ ಕಾದಿದ್ದೆ. ಕಟ್ಟಿಕೊಂಡು ಕನ್ನಡಿ ನೋಡಿದೆ. ಈಗ ಜಾರಲಿಲ್ಲ, ಅಚ್ಚುಕಟ್ಟಾಗಿ ಕೂತಿತು. ಆ ಸಂತೋಷವನ್ನು ನಾನು ಸುಳ್ಳು ಮಾಡಿ ಬರೆಯಲಾರೆ. ಅಪ್ಪನಿಗೆ ಏನು ಹೇಳಬೇಕೆಂದು ಹಿಂದಿನ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆನಲ್ಲ, ಅದು ಆ ಕನ್ನಡಿಯ ಮುಂದೆ ಮರೆತುಹೋಯಿತು. ಮರೆತೆನೋ, ಬಿಟ್ಟೆನೋ. ಲಂಚ ಎನ್ನುವ ಪದ ನನಗೆ ಗೊತ್ತಿತ್ತು, ಅದು ಕಚೇರಿಯವರು ತೆಗೆದುಕೊಳ್ಳುವುದು ಎಂದುಕೊಂಡಿದ್ದೆ.

ಅದೇ ವರ್ಷ ತೆಕ್ಕಲಕೋಟೆಯಲ್ಲಿ ನೆಂಟರ ಮನೆಯ ತೊಟ್ಟಿಲು ಕಾರ್ಯ. ಅಮ್ಮನೊಂದಿಗೆ ಹೋಗಿದ್ದೆ. ದೊಡ್ಡವ್ವನೂ ಬಂದಿದ್ದಳು, ಸೆರಗು ಸಿಕ್ಕಿಸಿ ಹೋಳಿಗೆ ಬಡಿಸುತ್ತಿದ್ದಳು. ನನ್ನ ಪಕ್ಕದ ಪಂಕ್ತಿಯಲ್ಲಿ ಕೂತ ಒಬ್ಬ ಹೆಂಗಸು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡವ್ವ, ಮನಿ ಮುದುಕಿಗೇ ನೀಡದ ಕೈ. ನಮಗ ಯಾಕ ತ್ರಾಸು ಮಾಡ್ಕಂತಿ," ಎಂದಳು. ಸುತ್ತಲಿನ ನಾಲ್ಕೈದು ಜನ ನಕ್ಕರು. ದೊಡ್ಡವ್ವ ಆ ಎಲೆ ಬಿಟ್ಟು ಮುಂದಿನ ಎಲೆಗೆ ಹೋದಳು. ನನ್ನ ಎಲೆಗೆ ಬಂದಾಗ ಒಂದು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಇನ್ನೊಂದು ಹಾಕಿದಳು. ನಾನು ತಲೆ ಎತ್ತಲಿಲ್ಲ. ಆ ಹೆಂಗಸಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತುಂಬ ಹೋಳಿಗೆ ಇತ್ತು ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯಾಗುತ್ತಿತ್ತು. ನಾಚಿಕೆ ಆದಾಗಲೆಲ್ಲ ಸಣ್ಣಜ್ಜಿಯ ಮೇಲೆ ಸಿಡುಕುತ್ತಿದ್ದೆ.

ಹದಿನಾರಕ್ಕೆ ನನ್ನನ್ನು ಕುರುಗೋಡಿಗೆ ಕೊಟ್ಟರು. ಮದುವೆ ಬಳ್ಳಾರಿಯಲ್ಲಿ, ನಮ್ಮ ಮನೆಯ ಮುಂದೆಯೇ ಹಂದರ ಹಾಕಿ ನಡೆಯಿತು. ಅಪ್ಪ ಅಣ್ಣನಿಗೆ ಕಾಗದ ಹಾಕಿದ್ದರು. ದೊಡ್ಡಪ್ಪ ಬರಲಿಲ್ಲ. ದೊಡ್ಡವ್ವ ಒಬ್ಬಳೇ ಬಸ್ಸಿನಲ್ಲಿ ಬಂದಳು. ಅಮ್ಮ ಬಾ ಎಂದಳು, ಕುಡಿಯಲು ನೀರು ಕೊಟ್ಟಳು, ಅಷ್ಟೇ. ಅರಿಶಿನ ಹಚ್ಚುವಾಗ ಐದು ಜನ ಮುತ್ತೈದೆಯರನ್ನು ಹೆಸರು ಹಿಡಿದು ಕರೆದರು. ಮೈದುನನ ಮಗಳ ಮದುವೆಯಲ್ಲಿ ಮೊದಲು ಕರೆಯಬೇಕಾದದ್ದು ಅವಳನ್ನು. ಕರೆಯಲಿಲ್ಲ. ಅವಳು ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಜೋಡಿಸುತ್ತಿದ್ದಳು. ಸಣ್ಣಜ್ಜಿ ಅವಳ ಹತ್ತಿರ ಹೋಗಿ ಕೂತದ್ದನ್ನು, ಇಬ್ಬರೂ ಒಂದೇ ತಟ್ಟೆಯಲ್ಲಿ ಎಲೆ ಒರೆಸುತ್ತಿದ್ದದ್ದನ್ನು ನಾನು ನೋಡಿದೆ.

ಅಕ್ಷತೆಯ ದಿನ ಬೆಳಿಗ್ಗೆ ನನ್ನ ಮೈಮೇಲೆ ಇದ್ದಬದ್ದ ಒಡವೆಯನ್ನೆಲ್ಲ ಹೇರಿದ್ದರು. ಕುರುಗೋಡಿನವರು ತಂದದ್ದು, ಅಮ್ಮ ಮಾಡಿಸಿದ್ದು, ಎಲ್ಲಕ್ಕಿಂತ ಮೇಲೆ ಕತ್ತಿಗೆ, ಎರಡು ವರ್ಷ ಬಚ್ಚಿಟ್ಟಿದ್ದ ಆ ನಾನು. ಸಣ್ಣಜ್ಜಿ ಮದುವೆಗೆಂದು ಕೊಟ್ಟಳು ಎಂದು ಮನೆಯವರು ತಿಳಿದಿದ್ದರು. ಅಮ್ಮ ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಮಾಡಿ ನೋಡಿಯೂ ಆಗಿತ್ತು. ಎಲ್ಲರೂ ಬೀಗರನ್ನು ಎದುರುಗೊಳ್ಳಲು ಹೊರಗೆ ಹೋದರು. ಒಳಗಿನ ಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದೆ. ದೊಡ್ಡವ್ವ ಬಾಗಿಲಿಗೆ ಬಂದಳು.

"ಹಿಂದಿನ ದಾರ ಸಡ್ಲ ಆಗೈತಿ ನೋಡು," ಎಂದು ನನ್ನ ಹಿಂದೆ ಬಂದು ಕೂತಳು. ಗಂಟು ಬಿಚ್ಚಿದಳು. ಅವಳ ಬೆರಳು ಕತ್ತಿಗೆ ತಾಗಿತು. ಐದು ವರ್ಷವಾಗಿತ್ತು. "ಛಲೋ ಕೂತೈತಿ. ಸಣ್ಣತ್ತಿ ಇದನ್ನ ನಿನಗ ಅಂತ ಯಾವಾಗೋ ತಗದಿಟ್ಟಿದ್ಲು. ಇಲ್ಲಿದ್ರ ಇವ್ರು ಕರಗಿಸಿಬಿಡ್ತಾರ, ಮಾಸ್ತರ ಕಡಿಂದ ಒಂದು ಕಾಗದ ಬರಸಿ ಬಳ್ಳಾರಿಗೆ ಕಳಿಸಿಬಿಡು ಅಂತ ನಾನೇ ಹೇಳಿದ್ದೆ."

ನಾನು ತಿರುಗಲು ಹೋದೆ. ಅವಳು ದಾರ ಹಿಡಿದಿದ್ದಳು, ತಿರುಗಲು ಆಗಲಿಲ್ಲ.

"ದೊಡ್ಡವ್ವ, ಹಂಗಾರ ನಿನಗ ಗೊತ್ತಿತ್ತೇನು?"

"ನಿಮ್ಮಪ್ಪ ಪಡಸಾಲ್ಯಾಗ ನಿಂತು ಓದಿದಾಗ ಗೊತ್ತಾತು, ಹೆಂಗ ಓದ್ಯಾರ ಅಂತ."

"ಮತ್ತ ಯಾಕ ಸುಮ್ನ ಇದ್ದಿ?"

"ನಿಮ್ಮಪ್ಪ ಓದಿ ಮುಗಿಸೋದ್ರಾಗ ಸಣ್ಣತ್ತಿ ಒಳಗ ಹೋಗಿ ಸೀರಿ ಮಡಚಾಕ ಹತ್ತಿದ್ಲು. ನಾ ನೋಡಿದೆ. ಅಷ್ಟು ಲಗೂನ ಆಕಿ ಎದ್ದು ಓಡಾಡಿದ್ದು ನಾ ಕಂಡಿದ್ದಿಲ್ಲ." ದಾರವನ್ನು ಎಳೆದು ಅಳತೆ ನೋಡಿದಳು. "ನಮ್ಮ ಮನ್ಯಾಗ ಆಕಿ ಕೂಡ ಮಾತಾಡಾಕ ಯಾರಿದ್ರು? ನಾ ಹೊಲಕ್ಕ ಹೋದ್ರ ಸಂಜಿಮಟ ಆಕಿ ಒಬ್ಬಾಕಿನ. ಕರಿಯಾಕ ಬಂದಾರ, ಹೋಗ್ಲಿ ಅಂದೆ."

"ಮಂದಿ ನಿನಗ ಏನೇನು ಅಂದ್ರು..."

"ಅಂದ್ರು," ಎಂದಳು.

ಹೊರಗೆ ವಾದ್ಯದವರು ಶುರು ಮಾಡಿದ್ದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನನಗೂ ಗೊತ್ತಾಗಿತ್ತು ದೊಡ್ಡವ್ವ, ಎರಡು ವರ್ಷದಿಂದ ಗೊತ್ತಿತ್ತು ಎಂದು ಬಂತು. ಅದನ್ನು ಹೇಳಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆನೋ ಏನೋ.

ಅವಳ ಕೈ ನಿಂತಿತು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು: "ಹೌದಾ? ಮತ್ತ ನೀ ಯಾಕ ಹೇಳ್ಲಿಲ್ಲ?"

ಸಣ್ಣಜ್ಜಿಗಾಗಿ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಆದರೆ ನನ್ನ ಕೈ ಆಗಲೇ ಕೊರಳಿಗೆ ಹೋಗಿ ನಾನನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಯಾರೋ ಬಿಚ್ಚಿಕೊಂಡು ಹೋಗುತ್ತಾರೇನೋ ಎನ್ನುವ ಹಾಗೆ. ದೊಡ್ಡವ್ವ ಭುಜದ ಮೇಲಿಂದ ಬಾಗಿ ಆ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಲಿಲ್ಲ.

"ಕೈ ತಗಿ," ಎಂದಳು. "ಗಂಟು ಹಾಕಾಕ ಬರವಲ್ದು."

ತೆಗೆದೆ. ಅವಳು ಎರಡು ಗಂಟು ಹಾಕಿ, ದಾರದ ತುದಿಯನ್ನು ಕುಪ್ಪಸದೊಳಗೆ ಸೇರಿಸಿ, ಎದ್ದು ಹೋದಳು.